ದಡದಿಂದ ದೂರಕ್ಕೆ ಗಾಳ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು 12 ಅಡಿಯ ಕಡಿಮೆ ಬೆಲೆಯ ಸರ್ಫ್ ರಾಡ್ (ಕಡಲ ದಡದಿಂದ ಗಾಳ ಎಸೆಯುವ ಕೋಲು). ಎಸೆಯಬಹುದಾದ ತೂಕ 100–200 ಗ್ರಾಂ ಎಂದು ಅದರ ಮೇಲೆ ಬರೆದಿದೆ. 6000 ಸೈಜಿನ ರೀಲ್‌ನಲ್ಲಿ 0.45 ಮಿ.ಮೀ. ನೈಲಾನ್ ದಾರವಿದೆ. ಎಷ್ಟು ಬಲ ಹಾಕಿದರೂ ದಾರಕ್ಕೆ ಕಟ್ಟಿದ ಸೀಸದ ಗುಂಡು 60 ಮೀಟರ್ ದಾಟುವುದಿಲ್ಲ. ದುಬಾರಿ ರಾಡ್ ಕೊಳ್ಳಲೇಬೇಕೆ?

ಉತ್ತರ: ಬೇಡ. ಮೊದಲು ದಾರ ಬದಲಿಸಿ. ಹಾರುವ ಸೀಸ ದಾರವನ್ನೂ ಎಳೆದುಕೊಂಡೇ ಹೋಗಬೇಕು. ದಾರ ದಪ್ಪವಾದಷ್ಟೂ ಗಾಳಿಯ ತಡೆ ಹೆಚ್ಚು, ಸ್ಪೂಲಿನ (ರೀಲ್‌ನಲ್ಲಿ ದಾರ ಸುತ್ತುವ ಉರುಳೆ) ಅಂಚಿಗೆ ಉಜ್ಜುವುದೂ ಹೆಚ್ಚು. 0.45ರ ಬದಲು 0.32 ಮಿ.ಮೀ. ದಾರ ಸುತ್ತಿದರೆ, ಅಷ್ಟೇ ಉದ್ದದ ದಾರ ಸ್ಪೂಲಿನಲ್ಲಿ ಸುಮಾರು ಅರ್ಧ ಜಾಗ ಹಿಡಿಯುತ್ತದೆ. ಹಾಗಾಗಿ ಎಸೆದಾಗ ಸ್ಪೂಲ್ ಬೇಗ ತಗ್ಗುವುದಿಲ್ಲ. ದಾರದ ಮಟ್ಟ ತಗ್ಗಿದಂತೆಲ್ಲ ಪ್ರತಿ ಸುರುಳಿಯೂ ಅಂಚನ್ನು ಏರಿ ಹೊರಬೀಳಬೇಕು. ಎಸೆತದ ಕೊನೆಯ ಮೀಟರ್‌ಗಳು ಕಳೆದುಹೋಗುವುದು ಅಲ್ಲೇ.

ಅಂಚಿನಿಂದ 1.5–2 ಮಿ.ಮೀ. ಕೆಳಗಿನವರೆಗೆ ದಾರ ತುಂಬಿ. ಅದಕ್ಕೂ ಮೇಲೆ ತುಂಬಿದರೆ ಸುರುಳಿಗಳು ಗುಂಪಾಗಿ ಜಾರಿ ಸಿಕ್ಕಾಗುತ್ತವೆ. ತಳಕ್ಕೆ ಹಳೆಯ ದಾರ ಸುತ್ತಿ, ಮೇಲೆ 200 ಮೀಟರ್ ಹೊಸದು ಹಾಕಿದರೆ ಸಾಕು, ಖರ್ಚೂ ಉಳಿಯುತ್ತದೆ.

ತೆಳುವಾದ ದಾರ ಎಸೆತದ ಜಗ್ಗನ್ನು ತಾನೊಂದೇ ತಡೆಯಲಾರದು, ಆದ್ದರಿಂದ ಶಾಕ್ ಲೀಡರ್, ಅಂದರೆ ಮುಖ್ಯ ದಾರದ ತುದಿಗೆ ಗಂಟು ಹಾಕಿ ಸೇರಿಸುವ ದಪ್ಪ ದಾರದ ತುಂಡು, ಕಡ್ಡಾಯ. ಸೀಸದ ಪ್ರತಿ 28 ಗ್ರಾಂಗೆ 10 ಪೌಂಡ್ ತಾಳಿಕೆ ಎಂಬುದು ಎಲ್ಲರೂ ಪಾಲಿಸುವ ಲೆಕ್ಕ. 125 ಗ್ರಾಂ ಸೀಸಕ್ಕೆ 50 ಪೌಂಡಿನ ನೈಲಾನ್ ಹಾಕಿ. ರಾಡಿನ ತುದಿಯಿಂದ ಕೆಳಗೆ ತೂಗುವ ಭಾಗ, ರಾಡಿನ ಉದ್ದ, ಸ್ಪೂಲಿನ ಮೇಲೆ ಕನಿಷ್ಠ 6 ಸುತ್ತು, ಇಷ್ಟಕ್ಕೂ ಲೀಡರ್ ಸಾಲಬೇಕು. 12 ಅಡಿ ರಾಡಿಗೆ 7–8 ಮೀಟರ್ ಬೇಕಾಗುತ್ತದೆ. ದಾರ, ಲೀಡರ್ ಸೇರುವ ಗಂಟನ್ನು ಒದ್ದೆ ಮಾಡಿ ಬಿಗಿದು, ತುದಿಗಳನ್ನು ಒತ್ತಿ ಕತ್ತರಿಸಿ. ಎಸೆಯುವ ಮುನ್ನ ಅದು ಸ್ಪೂಲಿನ ಹಿಂಬದಿಗೆ ಬರುವಂತೆ ಸುತ್ತಿಕೊಳ್ಳಿ. ಮುಂಬದಿಯಲ್ಲಿದ್ದರೆ ಬಿಚ್ಚುವ ಸುರುಳಿಗಳು ಗಂಟಿಗೆ ತೊಡರುತ್ತವೆ.

ಇನ್ನು ತೂಕ. 200 ಗ್ರಾಂ ಎಂದು ಬರೆದಿದೆ ಎಂದು 200 ಗ್ರಾಂ ಕಟ್ಟಬೇಡಿ. ಅಗ್ಗದ ರಾಡ್ ಮೇಲ್ಮಿತಿಯ ತೂಕಕ್ಕೆ ಪೂರ್ತಿ ಬಾಗಿ, ನಿಧಾನವಾಗಿ ನೆಟ್ಟಗಾಗುತ್ತದೆ. 125 ಗ್ರಾಂ ಸೀಸದಿಂದ ಆರಂಭಿಸಿ. ಎರೆಯೂ ಸೇರಿ 150 ಗ್ರಾಂ ಹತ್ತಿರ ಬರಲಿ. ಆಮೇಲೆ 10–15 ಗ್ರಾಂ ಏರಿಸುತ್ತಾ, ಇಳಿಸುತ್ತಾ ನಿಮ್ಮ ರಾಡಿಗೆ ಒಗ್ಗುವ ತೂಕ ಹುಡುಕಿ.

ಪ್ರಶ್ನೆ: ಬ್ರೇಡ್ (ಎಳೆಗಳನ್ನು ಹೆಣೆದ) ದಾರ ಹಾಕಿದ ಮೇಲೆ ದೂರ ಹೆಚ್ಚಿತು, ಆದರೆ ಎಸೆದಾಗ ದಾರ ಗೊಂಚಲಾಗಿ ಬಂದು ಗೈಡ್‌ಗೆ (ದಾರ ಹಾದುಹೋಗುವ ರಾಡಿನ ಉಂಗುರ) ಸಿಕ್ಕಿಕೊಳ್ಳುತ್ತಿದೆ. ಏಕೆ?

ಉತ್ತರ: ಸಡಿಲವಾಗಿ ಸುತ್ತಿರುವುದೇ ಮೊದಲ ಶಂಕೆ. ದಾರವನ್ನೆಲ್ಲ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಮತ್ತೆ ಸುತ್ತಿ. ಪ್ರತಿ ಎಸೆತದ ನಂತರ ಬೇಲ್ ಕಮಾನನ್ನು (ದಾರವನ್ನು ಸ್ಪೂಲಿಗೆ ಸುತ್ತಿಸುವ ರೀಲ್‌ನ ತಂತಿ ಕಮಾನು) ಕೈಯಿಂದಲೇ ಮುಚ್ಚಿ, ದಾರವನ್ನು ಒಮ್ಮೆ ಜಗ್ಗಿ, ಬಳಿಕ ಸುತ್ತಲು ಶುರುಮಾಡಿ.

ಆಮೇಲೆ ಸ್ಪೂಲನ್ನು ಪಕ್ಕದಿಂದ ನೋಡಿ. ದಾರ ಮುಂದಿನ ಅಂಚಿನ ಕಡೆ ಉಬ್ಬಿದ್ದರೆ ಗೊಂಚಲು ಬೀಳುವುದು ಸಹಜ. ಸ್ಪೂಲ್ ತೆಗೆದು, ಒಳಗಿನ ದಂಡದ ಮೇಲೆ ಒಂದು ತೆಳು ವಾಷರ್ ಹೆಚ್ಚಿಗೆ ಹಾಕಿ. ಸ್ಪೂಲ್ ಮುಂದಕ್ಕೆ ಸರಿದು, ದಾರ ಹಿಂಬದಿಗೂ ಹರಡುತ್ತದೆ. ಹಿಂಬದಿ ಉಬ್ಬಿದ್ದರೆ ಒಂದು ವಾಷರ್ ತೆಗೆಯಿರಿ. ಇಷ್ಟು ಚಿಕ್ಕ ಕೆಲಸ ಅಗ್ಗದ ರೀಲ್ ಒಂದನ್ನು ಎಷ್ಟು ಸುಧಾರಿಸುತ್ತದೆ ಎಂಬುದನ್ನು ಮಾಡಿಯೇ ನೋಡಬೇಕು. ಬ್ರೇಡ್ ಹಿಡಿಯುವ ಬೆರಳಿಗೆ ಕವಚ ಮರೆಯಬೇಡಿ.

ಪ್ರಶ್ನೆ: ಸೀಸ ಒಮ್ಮೆ ಆಕಾಶಕ್ಕೆ ಏರುತ್ತದೆ, ಒಮ್ಮೆ ಎದುರಿಗೇ ಬೀಳುತ್ತದೆ.

ಉತ್ತರ: ಏರಿದರೆ ಬೆರಳಲ್ಲಿ ಹಿಡಿದ ದಾರವನ್ನು ಬೇಗ ಬಿಟ್ಟಿದ್ದೀರಿ, ಎದುರಿಗೆ ಬಿದ್ದರೆ ತಡವಾಗಿ. ಎರಡಕ್ಕೂ ಕಾರಣ ಸಾಮಾನ್ಯವಾಗಿ ಒಂದೇ, ಮೊದಲಿನಿಂದಲೇ ಪೂರ್ಣ ಬಲ ಹಾಕುವುದು. ಬಲಗೈಯವರಾದರೆ ಎಡಗಾಲು ಗುರಿಯತ್ತ, ದೇಹದ ಭಾರ ಬಲಗಾಲ ಮೇಲೆ. ರಾಡಿನ ತುದಿಯಿಂದ ಸೀಸ 1–1.2 ಮೀಟರ್ ತೂಗಲಿ, ಹಿಂದೆ ಒಯ್ದಾಗ ತೂಗಾಟ ನಿಲ್ಲುವವರೆಗೆ ಕಾಯಿರಿ. ನಿಧಾನವಾಗಿ ಎಳೆಯತೊಡಗಿ ಭಾರವನ್ನು ಮುಂಗಾಲಿಗೆ ತನ್ನಿ. ಬಲಗೈ ಮೇಲಕ್ಕೆ ಮುಂದಕ್ಕೆ ತಳ್ಳುವ ಗಳಿಗೆಯಲ್ಲೇ ಎಡಗೈ ರಾಡಿನ ಬುಡವನ್ನು ಎದೆಯತ್ತ ಝಟ್ಟನೆ ಸೆಳೆಯಬೇಕು. ಈ ಸೆಳೆತವೇ ವೇಗ ಕೊಡುವುದು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಬಿಟ್ಟ ಮೇಲೆ ರಾಡನ್ನು ಸೀಸ ಹಾರುವ ದಿಕ್ಕಿಗೇ ಹಿಡಿದಿರಿ, ದಾರ ಗೈಡ್‌ಗಳಿಗೆ ಉಜ್ಜುವುದು ಕಡಿಮೆಯಾಗುತ್ತದೆ.

ಪ್ರಶ್ನೆ: ಎಸೆಯುವಾಗಲೇ ದಾರ ತುಂಡಾಗಿ ಸೀಸ ಹಾರಿಹೋಗುತ್ತದೆ. ಎರೆಯೂ ಅರ್ಧ ದಾರಿಯಲ್ಲೇ ಕಳಚುತ್ತದೆ.

ಉತ್ತರ: ತುಂಡಾಗುವುದಕ್ಕೆ ಮೂರು ಕಡೆ ನೋಡಿ: ದಾರ ರಾಡಿನ ತುದಿಗೆ ಸುತ್ತಿಕೊಂಡಿದೆಯೇ, ಬೇಲ್ ಕಮಾನು ನಡುವೆ ತಾನಾಗಿ ಮುಚ್ಚುತ್ತಿದೆಯೇ, ಗೈಡ್ ಉಂಗುರ ಸೀಳಿದೆಯೇ. ಹತ್ತಿಯ ಎಳೆಯನ್ನು ಉಂಗುರದೊಳಗೆ ಆಡಿಸಿದರೆ ಸೀಳಿಗೆ ಅಂಟಿಕೊಳ್ಳುತ್ತದೆ. ಡ್ರ್ಯಾಗ್ ಅನ್ನು (ಸ್ಪೂಲ್ ತಿರುಗದಂತೆ ತಡೆಯುವ ಬ್ರೇಕ್) ಎಸೆಯುವ ಮುನ್ನ ಪೂರ್ತಿ ಬಿಗಿದು, ಸೀಸ ನೀರಿಗೆ ಬಿದ್ದ ಮೇಲೆ ಸಡಿಲಿಸಿ. ಕಳಚಿ ಹಾರುವ ಸೀಸ ಪ್ರಾಣವನ್ನೇ ತೆಗೆಯಬಲ್ಲದು. ಹಿಂದೆ, ಪಕ್ಕದಲ್ಲಿ, ಮುಂದೆ ಜನರಿದ್ದರೆ ಎಸೆಯಲೇಬೇಡಿ.

ಎರೆಯನ್ನು ತೆಳುವಾದ ಎಲಾಸ್ಟಿಕ್ ದಾರದಿಂದ ಗಾಳಕ್ಕೆ ಬಿಗಿದು ಸುತ್ತಿ, ಉದ್ದವಾಗಿ, ಸಣ್ಣದಾಗಿ ಇರಲಿ. ಗಾಳವನ್ನು ಸೀಸದ ಹಿಂದೆಯೇ ಹಿಡಿದಿಡುವ ಬೇಟ್ ಕ್ಲಿಪ್ ಹಾಕಿದರೆ ಎರೆ ಗಾಳಿಯಲ್ಲಿ ಗಿರಕಿ ಹೊಡೆಯುವುದಿಲ್ಲ, ಸೀಸ ನೀರಿಗೆ ಬಿದ್ದ ಕೂಡಲೇ ಗಾಳ ತಾನೇ ಬಿಡಿಸಿಕೊಳ್ಳುತ್ತದೆ.