ಮನೆ ತುಂಬ ಜನ, ಮೇಜಿನ ಕೆಳಗೆ ನಾಯಿ

ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ಕು ವರ್ಷದ ನಾಯಿಯಿದೆ. ಮನೆಯವರೊಂದಿಗೆ ತುಂಬ ಸಾಧು. ಚಳಿಗಾಲದಲ್ಲಿ ಬಂಧುಗಳು, ಸ್ನೇಹಿತರು ಸಂಜೆ ಹೊತ್ತು ನಮ್ಮಲ್ಲಿ ಸೇರುವುದುಂಟು. ಕಳೆದ ಸಲ ಹದಿನೈದು ಜನ ಬಂದಿದ್ದಾಗ ಅದು ಮೇಜಿನ ಕೆಳಗೆ ಸೇರಿಕೊಂಡಿತು. ಒಂದು ಮಗು ಮುದ್ದಿಸಲೆಂದು ಅಲ್ಲಿಗೇ ಕೈ ಚಾಚಿದಾಗ ಗುರುಗುಟ್ಟಿತು. ನಾವು ಗದರಿಸಿದೆವು. ಎಲ್ಲರೊಡನೆ ಬೆರೆಯುವುದನ್ನು ಅದಕ್ಕೆ ಕಲಿಸುವುದು ಹೇಗೆ? ಅಥವಾ ಕೋಣೆಯಲ್ಲಿ ಕೂಡಿಹಾಕುವುದೇ ಲೇಸೇ?

ಉತ್ತರ: ಮೊದಲು ಗದರಿಸಿದ ವಿಚಾರ. ಅಂದು ನಿಮ್ಮ ನಾಯಿ ತಪ್ಪು ಮಾಡಿದಂತೆ ನನಗೆ ಕಾಣುವುದಿಲ್ಲ. ಗದ್ದಲ ಸಹಿಸಲಾಗದೆ ಅದು ತಾನಾಗಿಯೇ ದೂರ ಸರಿಯಿತು. ಸರಿದ ಜಾಗಕ್ಕೂ ಕೈ ಬಂದಾಗ, ಹಿಂದೆ ಹೋಗಲು ದಾರಿಯಿಲ್ಲದೆ, ಹತ್ತಿರ ಬರಬೇಡಿ ಎಂದು ತನ್ನ ಭಾಷೆಯಲ್ಲಿ ಹೇಳಿತು. ಗುರುಗುಟ್ಟುವುದನ್ನು ಗದರಿಸಿ ನಿಲ್ಲಿಸಿದರೆ ನಿಲ್ಲುವುದು ಎಚ್ಚರಿಕೆಯೇ ಹೊರತು ಭಯವಲ್ಲ. ಅಂಥ ನಾಯಿ ಮುಂದೊಂದು ದಿನ ಸದ್ದಿಲ್ಲದೆ ಕಚ್ಚಬಹುದು.

ಗುರುಗುಟ್ಟುವ ಮೊದಲೇ ಅದು ಹಲವು ಸಲ ಹೇಳಿರುತ್ತದೆ. ಎದುರಿಗೆ ತಿಂಡಿಯಿಲ್ಲದಿದ್ದರೂ ಮೂತಿ ನೆಕ್ಕಿಕೊಳ್ಳುವುದು, ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುವುದು, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಬಾಲ ಮುದುರುವುದು, ಸೆಕೆಯಿಲ್ಲದೆ ತೇಕುವುದು, ಇದ್ದಕ್ಕಿದ್ದಂತೆ ಮರಗಟ್ಟಿ ನಿಲ್ಲುವುದು, ಇವೆಲ್ಲ ಅದರ ಮಾತುಗಳು. ಇವನ್ನೆಲ್ಲ ಗುರುತಿಸಲು ಅಭ್ಯಾಸವಿಲ್ಲದವರು ಒಂದು ಸುಲಭ ಪರೀಕ್ಷೆ ಮಾಡಬಹುದು. ಅದಕ್ಕೆ ಪ್ರಾಣವಾದ ತಿಂಡಿಯ ಚೂರೊಂದನ್ನು ಅಂಗೈಯಲ್ಲಿಟ್ಟು ಹಿಡಿಯಿರಿ. ಎಂದಿನಂತೆ ಮೃದುವಾಗಿ ತೆಗೆದುಕೊಂಡರೆ ಚಿಂತೆಯಿಲ್ಲ. ಬೆರಳಿಗೆ ಹಲ್ಲು ತಾಗುವಂತೆ ಕಸಿದರೆ ಒಳಗೆ ತಳಮಳ ಶುರುವಾಗಿದೆ. ಮೂಸಿಯೂ ನೋಡದೆ ಮುಖ ತಿರುಗಿಸಿದರೆ ಆ ಕ್ಷಣವೇ ಅದನ್ನು ಅಲ್ಲಿಂದ ಕರೆದೊಯ್ಯಬೇಕು.

ಚಳಿಗಾಲದಲ್ಲಿ ಇದು ಹೆಚ್ಚುವುದಕ್ಕೆ ಕಾರಣಗಳಿವೆ. ಬಾಗಿಲು ಕಿಟಕಿಗಳು ಮುಚ್ಚಿರುವುದರಿಂದ ಸದ್ದು, ವಾಸನೆ, ಜನ ಎಲ್ಲವೂ ಒಂದೇ ಕೋಣೆಯಲ್ಲಿ ದಟ್ಟೈಸುತ್ತವೆ. ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ವರೆಗಿನ (ಸೆಕೆಂಡಿಗೆ ಅಷ್ಟು ಕಂಪನಗಳ) ಕೀರಲು ಸದ್ದನ್ನು ಕೇಳಿದರೆ ನಾಯಿಯದು ಸುಮಾರು 45,000 ಹರ್ಟ್ಸ್‌ವರೆಗೆ ಕೇಳುತ್ತದೆ. ಬೇಗ ಕತ್ತಲಾಗುವುದರಿಂದ ಅದರ ತಿರುಗಾಟವೂ ಮೊಟಕಾಗಿರುತ್ತದೆ. ವಯಸ್ಸಾದ ನಾಯಿಯಾದರೆ ಚಳಿಗೆ ಕೀಲುನೋವು ಹೆಚ್ಚಿ, ಮುಟ್ಟಿದರೆ ಸಾಕು ಸಿಡುಕಬಹುದು. ಆಗ ಬೇಕಾದದ್ದು ತರಬೇತಿಯಲ್ಲ, ಪಶುವೈದ್ಯರು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಅದು ಎಲ್ಲರೊಡನೆ ಬೆರೆಯಲೇಬೇಕೆಂಬ ಹಟವನ್ನು ಬಿಡಿ ಎನ್ನುವುದೇ ನನ್ನ ಸಲಹೆ. ಹೊಸಬರನ್ನು ಸಲೀಸಾಗಿ ಒಪ್ಪಿಕೊಳ್ಳುವ ಗುಣ ಬಹುಮಟ್ಟಿಗೆ ಮರಿ 3ರಿಂದ 14 ವಾರದೊಳಗಿರುವಾಗಲೇ ರೂಢಿಯಾಗುತ್ತದೆ. ನಾಲ್ಕನೆಯ ವರ್ಷದಲ್ಲಿ ಕಲಿಯುವುದಿಲ್ಲ ಎಂದಲ್ಲ. ಆದರೆ ಒಬ್ಬಿಬ್ಬರು ಅತಿಥಿಗಳಿಂದ ಶುರುಮಾಡಿ ತಿಂಗಳುಗಟ್ಟಲೆ ಕಲಿಸಬೇಕಾದದ್ದನ್ನು ಹದಿನೈದು ಜನರ ನಡುವೆ ಒಂದೇ ಸಂಜೆಯಲ್ಲಿ ಕಲಿಸಲಾಗದು. ಬೇಕೆನಿಸಿದಾಗ ಎದ್ದು ಹೋಗಬಹುದು ಎಂಬ ಭರವಸೆಯಿರುವ ನಾಯಿ ಜನರ ನಡುವೆ ಹೆಚ್ಚು ಹೊತ್ತು ನೆಮ್ಮದಿಯಿಂದ ಇರುತ್ತದೆ.

ಆದ್ದರಿಂದ ಕೋಣೆ ಬೇಕು. ಆದರೆ ಅತಿಥಿಗಳು ಬಂದ ಮೇಲೆ ಎಳೆದೊಯ್ದು ಬಾಗಿಲು ಹಾಕಿದರೆ ಅದು ಸೆರೆಮನೆ. ಅದೇ ಕೋಣೆಯಲ್ಲಿ ಎರಡು ವಾರ ಮುಂಚಿನಿಂದ ಅದರ ಹಾಸಿಗೆ, ನೀರು, ನಿಮ್ಮ ಹಳೆಯ ಹೊದಿಕೆಯೊಂದನ್ನು ಇಟ್ಟು, ದಿನಕ್ಕೊಮ್ಮೆ ಅಗಿಯಲು ಏನಾದರೂ ಕೊಟ್ಟು, ಮೊದಲು ಬಾಗಿಲು ತೆರೆದಿಟ್ಟು, ಆಮೇಲೆ ಐದು ನಿಮಿಷ, ಹತ್ತು ನಿಮಿಷ ಮುಚ್ಚಿ ರೂಢಿಸಿದರೆ ಅದೇ ಅದರ ಮನೆಯಾಗುತ್ತದೆ. ಕಾಲಿಂಗ್ ಬೆಲ್ ಒತ್ತಿಸಿ, ಸದ್ದಾದೊಡನೆ ಹಾಸಿಗೆಯ ಮೇಲೆ ತಿಂಡಿಯ ಚೂರು ಹಾಕುತ್ತ ಬನ್ನಿ. ಕೆಲವು ದಿನಗಳಲ್ಲಿ ಬೆಲ್ ಕೇಳಿದರೆ ಅದು ಬಾಗಿಲಿಗೆ ಓಡುವ ಬದಲು ಹಾಸಿಗೆಗೆ ಓಡತೊಡಗಬಹುದು.

ಕೂಟದ ದಿನ ಮುಂಚಿತವಾಗಿ ದೀರ್ಘವಾಗಿ ಅಡ್ಡಾಡಿಸಿ, ಮನಸ್ಸಿಗೆ ಬಂದಲ್ಲೆಲ್ಲ ಮೂಸಲು ಬಿಡಿ. ಜನ ಒಳಬರುವ ಗಡಿಬಿಡಿಯಲ್ಲಿ ಅದು ಕೋಣೆಯಲ್ಲೇ ಇರಲಿ. ಹೆದರಿದ ನಾಯಿ ತೆರೆದ ಬಾಗಿಲಿನಿಂದ ಹೊರಗೋಡಬಹುದು, ಆದ್ದರಿಂದ ಕೊರಳಪಟ್ಟಿಯಲ್ಲಿ ನಿಮ್ಮ ಫೋನ್ ಸಂಖ್ಯೆ ಇರಲೇಬೇಕು. ಎಲ್ಲರೂ ಕುಳಿತ ಮೇಲೆ, ಅದಕ್ಕೆ ಆಸಕ್ತಿಯಿದ್ದರೆ, ಹಗ್ಗ ಹಿಡಿದು ಕರೆತನ್ನಿ. ಹಗ್ಗ ಹಿಡಿಯುವವರಿಗೆ ಬೇರೆ ಕೆಲಸವಿರಬಾರದು. ಬಡಿಸುವವರಿಂದ ಇದು ಆಗದು. ಅತಿಥಿಗಳು ಅದರತ್ತ ಬಾಗದೆ, ದಿಟ್ಟಿಸದೆ ಇರಲಿ. ಅದೇ ಬಂದು ಮೂಸಿದರೆ ಎದೆಯನ್ನೋ ಗಲ್ಲದ ಕೆಳಗೋ ಮೂರು ಸೆಕೆಂಡು ಸವರಿ ಕೈ ಹಿಂತೆಗೆಯಲಿ. ಮತ್ತೆ ಒತ್ತಿಕೊಂಡು ಬಂದರೆ ಮುಂದುವರಿಸಬಹುದು, ಸರಿದರೆ ಬಿಟ್ಟುಬಿಡಬೇಕು. ಚಿಕ್ಕ ಮಕ್ಕಳಿಗೆ ಈ ಎಣಿಕೆಯ ಆಟ ಬಹಳ ಹಿಡಿಸುತ್ತದೆ. ಆದರೂ ಪಕ್ಕದಲ್ಲಿ ದೊಡ್ಡವರಿರಲಿ. ನಾಯಿ ಹೆದರಿ ನಿಮ್ಮ ಬಳಿ ಬಂದರೆ ಸಮಾಧಾನಪಡಿಸಿ. ಹಾಗೆ ಮಾಡಿದರೆ ಭಯ ಬಲಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅಷ್ಟಾದರೂ ನಡುಗುತ್ತಿದ್ದರೆ ಪಶುವೈದ್ಯರು ಔಷಧಿ ಕೊಡಬಲ್ಲರು. ಅದನ್ನು ಕೂಟಕ್ಕೆ ಮೊದಲೇ, ಅವರ ಸೂಚನೆಯಂತೆ, ನೆಮ್ಮದಿಯ ದಿನವೊಂದರಲ್ಲಿ ಕೊಟ್ಟು ನೋಡಿರಬೇಕು. ಮನುಷ್ಯರ ನಿದ್ರೆಮಾತ್ರೆ ಖಂಡಿತ ಬೇಡ.

ಪ್ರಶ್ನೆ: ಬಂದವರೆಲ್ಲ ತಮ್ಮ ತಟ್ಟೆಯಿಂದ ನಾಯಿಗೆ ತುತ್ತು ಹಾಕುತ್ತಾರೆ. ಬೇಡವೆನ್ನಲು ಸಂಕೋಚ.

ಉತ್ತರ: ಅದರದೇ ತಿಂಡಿಯ ಸಣ್ಣ ಬಟ್ಟಲೊಂದನ್ನು ಮುಂದಿಟ್ಟು, ಕೊಡುವುದಾದರೆ ಇದನ್ನು ಕೊಡಿ ಎಂದರೆ ಯಾರೂ ಬೇಸರಿಸರು. ಚಾಕಲೇಟ್, ಅದರಲ್ಲೂ ಕಪ್ಪು ಚಾಕಲೇಟ್, ಅದರಲ್ಲಿರುವ ಥಿಯೊಬ್ರೊಮಿನ್ ಎಂಬ ರಾಸಾಯನಿಕದಿಂದಾಗಿ ನಾಯಿಗೆ ವಿಷ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸಬಲ್ಲವು. ಈರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚಬಹುದು. ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿರುವ ಜೈಲಿಟಾಲ್ ಎಂಬ ಸಿಹಿಕಾರಕ ನಾಯಿಯ ರಕ್ತದ ಸಕ್ಕರೆಯನ್ನು ಬಹುಬೇಗ ಇಳಿಸುತ್ತದೆ. ಅತಿಥಿಗಳ ಕೈಚೀಲಗಳನ್ನು ನೆಲದ ಮೇಲೆ ಇಡಬಾರದೆನ್ನುವುದು ಇದಕ್ಕೇ. ತಿಂದಿದೆ ಎಂಬ ಅನುಮಾನ ಬಂದರೂ ಲಕ್ಷಣಗಳಿಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ.

ಪ್ರಶ್ನೆ: ಕೂಟದ ಸಂಜೆ ನಾಯಿಗೆ ಉಣ್ಣೆಯ ಅಂಗಿ ತೊಡಿಸಬಹುದೇ?

ಉತ್ತರ: ಒಳಗೆ ಅಗತ್ಯವಿಲ್ಲ. ನಾಯಿಯ ಮೈಬಿಸಿ ಸಹಜವಾಗಿಯೇ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಜನ ತುಂಬಿ ಹೀಟರ್ ಉರಿಯುವ ಕೋಣೆಯಲ್ಲಿ ಅದಕ್ಕೆ ಸೆಕೆಯೇ ಆಗುತ್ತದೆ. ಗಿಡ್ಡ ಕೂದಲಿನ, ಪುಟ್ಟ ಅಥವಾ ಮುದಿ ನಾಯಿಯನ್ನು ಹೊರಗೆ ಕರೆದೊಯ್ಯುವಾಗ ತೊಡಿಸಿ, ಒಳಗೆ ಬಂದೊಡನೆ ತೆಗೆಯಿರಿ. ಅಂಗಿ ತೊಡಿಸಿದಾಗ ಅದು ಅಲುಗದೆ ನಿಂತುಬಿಟ್ಟರೆ ಒಪ್ಪಿಕೊಂಡಿತೆಂದು ತಿಳಿಯಬೇಡಿ, ಮೇಲೆ ಹೇಳಿದ ಮರಗಟ್ಟುವಿಕೆ ಅದೇ.