ಹೋಗೋ ದಾರಿ ಗ್ರೆಪ್ ತೋರಿಸುತ್ತೆ, ವಾಪಸ್ ಬರೋದು ಹೇಗೆ?

ಪ್ರಶ್ನೆ: ಎಂಬೆಡೆಡ್ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ಆರ್ಮ್ ಪ್ರೊಸೆಸರ್ ಇರುವ ಬೋರ್ಡ್‌ಗಾಗಿ ಲಿನಕ್ಸ್ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕೋಡ್ ಓದಬೇಕು. ಸರ್ವರ್‌ಗೆ ಲಾಗಿನ್ ಆಗಿ ವಿಮ್ ಎಡಿಟರ್‌ನಲ್ಲೇ ಎಲ್ಲ. ಫಂಕ್ಷನ್ ಎಲ್ಲಿದೆ ಅಂತ ಗ್ರೆಪ್ (ಫೈಲ್‌ಗಳಲ್ಲಿ ಪದ ಹುಡುಕುವ ಕಮ್ಯಾಂಡ್) ಹಾಕಿದರೆ ನೂರಾರು ಸಾಲು ಬಂದು ಬೀಳುತ್ತವೆ. ನಾಲ್ಕು ಫೈಲ್ ದಾಟುವಷ್ಟರಲ್ಲಿ ಎಲ್ಲಿಂದ ಹೊರಟೆ ಅನ್ನೋದೇ ಮರೆತುಹೋಗುತ್ತದೆ. ಸೀನಿಯರ್‌ಗಳು ಚಕಚಕ ಅಂತ ಹಾರಾಡುತ್ತಾರೆ. ಹೇಗೆ?
– ಓದುಗರೊಬ್ಬರು, ಮೈಸೂರು

ಉತ್ತರ: ಅವರಿಗೆ ಕರ್ನೆಲ್ ಬಾಯಿಪಾಠ ಆಗಿದೆ ಅಂದುಕೊಳ್ಳಬೇಡಿ. ಮೂರು ಕೋಟಿ ಸಾಲು ದಾಟಿರುವ ಕೋಡ್ ಅದು. ಯಾರಿಗೂ ಬಾಯಿಪಾಠ ಇರಲ್ಲ. ಯಾವ ಹೆಸರು ಯಾವ ಫೈಲ್‌ನಲ್ಲಿದೆ ಅಂತ ಹೇಳುವ ಇಂಡೆಕ್ಸ್ ಅವರ ಹತ್ತಿರ ಇದೆ, ವಾಪಸ್ ಬರುವ ಕೀ ಗೊತ್ತಿದೆ, ಅಷ್ಟೇ.

ಮೊದಲು ಇಂಡೆಕ್ಸ್. ಸರ್ವರ್‌ನಲ್ಲಿ ಯೂನಿವರ್ಸಲ್ ಸಿ-ಟ್ಯಾಗ್ಸ್ ಅನ್ನುವ, ಇಂಡೆಕ್ಸ್ ಕಟ್ಟುವ ಟೂಲ್ ಇದೆಯಾ ನೋಡಿ, ಇಲ್ಲದಿದ್ದರೆ ಹಾಕಿಸಿಕೊಳ್ಳಿ. ಆಮೇಲೆ ಕರ್ನೆಲ್ ಸೋರ್ಸ್‌ನ ಬುಡದ ಫೋಲ್ಡರ್‌ನಲ್ಲಿ ನಿಂತು 'ಮೇಕ್ ಟ್ಯಾಗ್ಸ್' ಕಮ್ಯಾಂಡ್ ಕೊಡಿ. ಸಿ-ಟ್ಯಾಗ್ಸನ್ನು ನೀವೇ ಇಡೀ ಫೋಲ್ಡರ್ ಮೇಲೆ ಓಡಿಸಬಹುದು, ತುಂಬಾ ಜನ ಹಾಗೇ ಮಾಡುತ್ತಾರೆ, ಆದರೆ 'ಆರ್ಚ್' ಫೋಲ್ಡರ್ ಒಳಗೆ ಇಪ್ಪತ್ತರಷ್ಟು ಬಗೆಯ ಪ್ರೊಸೆಸರ್‌ಗಳ ಕೋಡ್ ಇದೆ, ಒಂದೇ ಹೆಸರಿನ ಫಂಕ್ಷನ್ ಮಿಪ್ಸ್‌ಗೊಂದು, ಪವರ್‌ಪಿಸಿಗೊಂದು, ಆರ್ಮ್‌ಗೊಂದು ಇರುತ್ತದೆ, ಹಾಗಾಗಿ ಹಾರಿದಾಗೆಲ್ಲ ನಿಮಗೆ ಬೇಡದ ಜಾಗಕ್ಕೇ ಹೋಗಿ ಬೀಳುತ್ತೀರಿ. ಮೇಕ್ ಮೂಲಕ ಮಾಡಿದರೆ ಒಂದೇ ಆರ್ಕಿಟೆಕ್ಚರ್ ಸೇರುತ್ತದೆ. ಯಾವುದು ಅಂತ ಹೇಳದಿದ್ದರೆ ಸರ್ವರ್‌ನದ್ದನ್ನೇ ಹಿಡಿಯುತ್ತದೆ, ಅಂದರೆ ಸಾಮಾನ್ಯವಾಗಿ ಎಕ್ಸ್86. ನಿಮ್ಮದು ಆರ್ಮ್ ಅಲ್ವಾ? ಹಾಗಾದರೆ ಅದೇ ಸಾಲಿನಲ್ಲಿ 'ಆರ್ಚ್' ವೇರಿಯಬಲ್‌ಗೆ ಆರ್ಮ್ ಅಥವಾ ಆರ್ಮ್64 ಅಂತ ಕೊಡಲೇಬೇಕು. ಬೋರ್ಡ್‌ಗೆ ಒಮ್ಮೆ ಬಿಲ್ಡ್ ಆಗಿದ್ದರೆ 'ಕಂಪೈಲ್ಡ್ ಸೋರ್ಸ್' ವೇರಿಯಬಲ್‌ಗೆ 1 ಕೊಡಿ, ದೊಡ್ಡಕ್ಷರದಲ್ಲಿ, ಮಧ್ಯೆ ಅಂಡರ್‌ಸ್ಕೋರ್ ಹಾಕಿ. ಆಗ ನಿಜವಾಗಿ ಕಂಪೈಲ್ ಆದ ಫೈಲ್‌ಗಳು ಮಾತ್ರ ಇಂಡೆಕ್ಸ್ ಸೇರುತ್ತವೆ. ನನ್ನ ಪ್ರಕಾರ ಹೊಸಬರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ, ಯಾಕೋ ಯಾರೂ ಹೇಳಿಕೊಡಲ್ಲ.

ಇನ್ನು ಓಡಾಟ. ಹೆಸರಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ ಜೊತೆ ಮುಚ್ಚುವ ಸ್ಕ್ವೇರ್ ಬ್ರಾಕೆಟ್ ಒತ್ತಿ, ಅದು ಹುಟ್ಟಿದ ಜಾಗಕ್ಕೆ ಹೋಗುತ್ತೀರಿ. ಕಂಟ್ರೋಲ್-ಟಿ ಒತ್ತಿದರೆ ವಾಪಸ್. ಕಂಟ್ರೋಲ್-ಓ ಕೂಡ ವಾಪಸ್ ತರುತ್ತದೆ, ಆದರೆ ಎರಡೂ ಒಂದೇ ಅಲ್ಲ. ಕಂಟ್ರೋಲ್-ಓ ನೀವು ಮಾಡಿದ ಪ್ರತಿ ಹಾರಾಟವನ್ನೂ ಒಂದೊಂದಾಗಿ ಹಿಂದಕ್ಕೆ ತಿರುಗಿಸುತ್ತದೆ, ಮಧ್ಯೆ ಏನೋ ಹುಡುಕಿದ್ದು, ಫೈಲ್‌ನ ಕೊನೆಗೆ ಹೋಗಿದ್ದು, ಎಲ್ಲ ಲೆಕ್ಕಕ್ಕೆ ಬರುತ್ತದೆ. ಕಂಟ್ರೋಲ್-ಟಿ ಟ್ಯಾಗ್ ಹಾರಾಟಗಳನ್ನು ಮಾತ್ರ ನೆನಪಿಡುತ್ತದೆ. ಹೊಸ ಫೈಲ್‌ನಲ್ಲಿ ಎಷ್ಟೇ ಸುತ್ತಾಡಿರಿ, ಒಂದು ಸಲ ಒತ್ತಿದರೆ ಕರೆದವನ ಮನೆಗೆ ಸೀದಾ ಬರುತ್ತೀರಿ. 'ಎಲ್ಲಿಂದ ಹೊರಟೆ' ಅನ್ನುವ ನಿಮ್ಮ ಗೋಳಿಗೆ ಮದ್ದು ಇದೇ. ಒಂದೇ ಹೆಸರು ಹಲವು ಕಡೆ ಇದ್ದರೆ ಮೊದಲು 'ಜಿ' ಒತ್ತಿ ಆಮೇಲೆ ಮುಚ್ಚುವ ಬ್ರಾಕೆಟ್ ಒತ್ತಿ, ಪಟ್ಟಿ ಬರುತ್ತದೆ, ಆರಿಸಿಕೊಳ್ಳಿ.

ಟ್ಯಾಗ್ಸ್ ಕೈಕೊಡುವ ಜಾಗವನ್ನೂ ಹೇಳಿಬಿಡುತ್ತೇನೆ. ರೀಡ್ ಸಿಸ್ಟಮ್ ಕಾಲ್ (ಫೈಲ್ ಓದಿಕೊಡು ಅಂತ ಪ್ರೋಗ್ರಾಂ ಕರ್ನೆಲ್‌ಗೆ ಕೊಡುವ ಕರೆ) ಹಿಂದೆ ಬಿದ್ದು ನೋಡಿ. ಅದು ಹುಟ್ಟುವುದು 'ಎಫ್‌ಎಸ್' ಫೋಲ್ಡರ್‌ನ ರೀಡ್-ರೈಟ್ ಫೈಲ್‌ನಲ್ಲಿ, ಒಂದು ಮ್ಯಾಕ್ರೋ (ಕಂಪೈಲ್ ಆಗುವಾಗ ಪೂರ್ತಿ ಕೋಡಾಗಿ ಬಿಚ್ಚಿಕೊಳ್ಳುವ ಚುಟುಕು ಹೆಸರು) ಒಳಗೆ. 'ಸಿಸ್ ರೀಡ್' ಅನ್ನುವ ಪೂರ್ತಿ ಹೆಸರು ಅಲ್ಲಿ ಬರೆದಿರಲ್ಲ, ಅದಕ್ಕೇ ಗ್ರೆಪ್‌ಗೆ ಆ ಜಾಗ ಸಿಗಲ್ಲ. ಕರ್ನೆಲ್‌ನದ್ದೇ ಟ್ಯಾಗ್ಸ್ ಸ್ಕ್ರಿಪ್ಟ್‌ಗೆ ಈ ಮ್ಯಾಕ್ರೋ ಗೊತ್ತು, ಹಾಗಾಗಿ ಟ್ಯಾಗ್ ಸಿಗುತ್ತದೆ. ಅಲ್ಲಿಂದ 'ಕೆ-ಸಿಸ್ ರೀಡ್', ಅಲ್ಲಿಂದ 'ವಿಎಫ್‌ಎಸ್ ರೀಡ್'. ಇಲ್ಲಿವರೆಗೂ ಆರಾಮ. ಮುಂದೆ ಕರೆ ಹೋಗುವುದು ಫೈಲ್ ಆಪರೇಶನ್ಸ್ ಅನ್ನುವ ಸ್ಟ್ರಕ್ಟ್‌ನಲ್ಲಿರುವ ಫಂಕ್ಷನ್ ಪಾಯಿಂಟರ್ (ಫಂಕ್ಷನ್‌ನ ವಿಳಾಸ ಇಟ್ಟುಕೊಳ್ಳುವ ವೇರಿಯಬಲ್) ಮೂಲಕ. ಅದರ ಮೇಲೆ ಬ್ರಾಕೆಟ್ ಒತ್ತಿದರೆ ಹೆಡರ್ ಫೈಲ್‌ನಲ್ಲಿ ಆ ಪಾಯಿಂಟರ್‌ನ ಘೋಷಣೆ ಸಿಗುತ್ತದೆ, ನಿಜವಾದ ಕೆಲಸ ಮಾಡುವ ಫಂಕ್ಷನ್ ಸಿಗಲ್ಲ. ಯಾಕಂದರೆ ಯಾವುದು ಅಂತ ನಿರ್ಧಾರ ಆಗುವುದು ಪ್ರೋಗ್ರಾಂ ಓಡುವಾಗ. ಗ್ರೆಪ್ ಬೇಕಾಗುವುದು ಇಲ್ಲಿ. ಆದರೆ ಬರೀ ಹೆಸರು ಹುಡುಕಬೇಡಿ. ಮುಂದೆ ಚುಕ್ಕೆ, ಆಮೇಲೆ ಪಾಯಿಂಟರ್‌ನ ಹೆಸರಾದ 'ರೀಡ್ ಇಟರ್', ಆಮೇಲೆ ಸಮ ಚಿಹ್ನೆ, ಹೀಗೆ ಹುಡುಕಿ. ಪಾಯಿಂಟರ್‌ಗೆ ಬೆಲೆ ತುಂಬುವ ಸಾಲುಗಳಷ್ಟೇ ಬರುತ್ತವೆ. ಅದರಲ್ಲಿ ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನ ಫೋಲ್ಡರ್‌ನದ್ದು ಹಿಡಿದರೆ ಮತ್ತೆ ಟ್ಯಾಗ್ಸ್ ದಾರಿಗೆ ಬಂದಿರಿ. ಡ್ರೈವರ್ ಕೋಡ್ ಬಹುಪಾಲು ಹೀಗೇ ಇರುತ್ತದೆ, ಈ ಒಂದು ಪಟ್ಟು ಕೈಗೆ ಹತ್ತಿದರೆ ಅರ್ಧ ತಲೆನೋವು ಹೋಯಿತು.

ಅಂದಹಾಗೆ ಬರೀ ಗ್ರೆಪ್ ಬದಲು 'ಗಿಟ್ ಗ್ರೆಪ್' ಬಳಸಿ. ಬಿಲ್ಡ್ ಆಗಿ ಬಿದ್ದಿರುವ ಕಸ ಮುಟ್ಟಲ್ಲ, ಬೇಗ ಮುಗಿಯುತ್ತದೆ. ಅದಕ್ಕೆ ಸಣ್ಣ 'ಪಿ' ಆಪ್ಶನ್ ಕೊಟ್ಟರೆ ಸಿಕ್ಕ ಸಾಲು ಯಾವ ಫಂಕ್ಷನ್ ಒಳಗಿದೆ ಅಂತಲೂ ತೋರಿಸುತ್ತದೆ.

'ಈ ಫಂಕ್ಷನ್‌ನ ಯಾರು ಯಾರು ಕರೆಯುತ್ತಾರೆ?' ಅನ್ನುವ ಉಲ್ಟಾ ಪ್ರಶ್ನೆಗೆ ಸಿ-ಟ್ಯಾಗ್ಸ್ ಹತ್ತಿರ ಉತ್ತರ ಇಲ್ಲ. ಅದಕ್ಕೆ ಸಿ-ಸ್ಕೋಪ್ ಇದೆ. ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಹಳೇ ಸಾಮಾನು, 2000ರಲ್ಲಿ ಓಪನ್ ಸೋರ್ಸ್ ಆಯಿತು. 'ಮೇಕ್ ಸಿ-ಸ್ಕೋಪ್' ಕೊಟ್ಟರೆ ಕರ್ನೆಲ್‌ಗೆ ಅದರ ಇಂಡೆಕ್ಸೂ ರೆಡಿ.

ಪ್ರಶ್ನೆ: ವಿಎಸ್ ಕೋಡ್ ಎಡಿಟರ್‌ನಲ್ಲಿ ಕ್ಲ್ಯಾಂಗ್‌ಡಿ (ಕೋಡ್ ಅರ್ಥ ಮಾಡಿಕೊಂಡು ಎಡಿಟರ್‌ಗೆ ದಾರಿ ತೋರುವ ಟೂಲ್) ಹಾಕಿಕೊಂಡಿದ್ದೇನೆ. ದೊಡ್ಡ ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟ್. ಎಫ್12 ಒತ್ತಿದರೆ ಹೆಸರು ಹುಟ್ಟಿದ ಜಾಗಕ್ಕೆ ಕೆಲವೊಮ್ಮೆ ಹೋಗುತ್ತದೆ, ಕೆಲವೊಮ್ಮೆ ಇಲ್ಲ. ಹೆಡರ್ ಕೆಳಗೆಲ್ಲ ಕೆಂಪು ಗೆರೆ.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕೆಂಪು ಗೆರೆಯೇ ಉತ್ತರ ಹೇಳುತ್ತಿದೆ. ಕ್ಲ್ಯಾಂಗ್‌ಡಿ ನಿಮ್ಮ ಕೋಡನ್ನು ಕಂಪೈಲರ್ ಥರವೇ ಓದುತ್ತದೆ. ಹೆಡರ್ ಎಲ್ಲಿದೆ, ಯಾವ ಡಿಫೈನ್ ಕೊಟ್ಟಿದ್ದೀರಿ ಅಂತ ಗೊತ್ತಿಲ್ಲದಿದ್ದರೆ ಊಹೆ ಮಾಡುತ್ತದೆ, ಊಹೆ ತಪ್ಪಿದಲ್ಲಿ ಎಫ್12 ಸುಮ್ನೆ ಕೂರುತ್ತದೆ. ಅದಕ್ಕೆ ಬೇಕಾಗಿರುವುದು 'ಕಂಪೈಲ್ ಕಮ್ಯಾಂಡ್ಸ್' ಅನ್ನುವ ಜೇಸನ್ ಫೈಲ್. ಬಿಲ್ಡ್ ಮಾಡುವುದು ಸಿಮೇಕ್‌ನಲ್ಲಾಗಿದ್ದರೆ 'ಎಕ್ಸ್‌ಪೋರ್ಟ್ ಕಂಪೈಲ್ ಕಮ್ಯಾಂಡ್ಸ್' ಆಯ್ಕೆಯನ್ನು ಆನ್ ಮಾಡಿ. ಬರೀ ಮೇಕ್ ಆಗಿದ್ದರೆ 'ಬೇರ್' ಅನ್ನುವ ಟೂಲ್ ಮೂಲಕ ಒಂದು ಸಲ ಪೂರ್ತಿ ಬಿಲ್ಡ್ ಮಾಡಿ, ಅದು ಕಂಪೈಲರ್ ಕರೆಗಳನ್ನು ಬರೆದಿಟ್ಟುಕೊಂಡು ಫೈಲ್ ಮಾಡಿಕೊಡುತ್ತದೆ. ಪ್ರಾಜೆಕ್ಟ್‌ನ ಬುಡದಲ್ಲೋ 'ಬಿಲ್ಡ್' ಫೋಲ್ಡರ್‌ನಲ್ಲೋ ಅದು ಇದ್ದರೆ ಕ್ಲ್ಯಾಂಗ್‌ಡಿ ತಾನೇ ಹುಡುಕಿಕೊಳ್ಳುತ್ತದೆ. ಮೊದಲ ಸಲ ಇಂಡೆಕ್ಸ್ ಆಗಲು ಹೊತ್ತು ಹಿಡಿಯುತ್ತದೆ, ಕಾಯಿರಿ.

ಮೈಸೂರಿನವರೂ ಇದನ್ನು ಕೇಳಿಸಿಕೊಳ್ಳಿ, ಕರ್ನೆಲ್‌ಗೂ ಮೇಕ್ ಮೂಲಕವೇ ಈ ಫೈಲ್ ಸಿಗುತ್ತದೆ. ಸರ್ವರ್‌ನಲ್ಲಿ ಮೆಮೊರಿ ಧಾರಾಳ ಇದ್ದರೆ ಟ್ಯಾಗ್ಸ್‌ಗಿಂತ ಕ್ಲ್ಯಾಂಗ್‌ಡಿ ಜಾಸ್ತಿ ನಿಖರ. ಹತ್ತು ಜನ ಒಂದೇ ಮಷೀನ್ ಹಂಚಿಕೊಂಡಿದ್ದರೆ ನಾನಂತೂ ಟ್ಯಾಗ್ಸನ್ನೇ ಹೇಳುತ್ತೇನೆ.

ಪ್ರಶ್ನೆ: ವಿಮ್ ಬಿಟ್ಟು ಅದರಿಂದಲೇ ಕವಲೊಡೆದ ನಿಯೋವಿಮ್ ಎಡಿಟರ್‌ಗೆ ಬಂದೆ. ಸಿ-ಸ್ಕೋಪ್ ಕಮ್ಯಾಂಡ್ ಕೊಟ್ಟರೆ ಅಂಥದ್ದು ಇಲ್ಲವೇ ಇಲ್ಲ ಅನ್ನುತ್ತದೆ. ನನ್ನ ಸೆಟ್ಟಿಂಗ್ ತಪ್ಪಾ?
– ಓದುಗರೊಬ್ಬರು, ಪುಣೆ

ಉತ್ತರ: ನಿಮ್ಮ ತಪ್ಪಲ್ಲ. 2023ರಲ್ಲಿ ಬಂದ 0.9 ಆವೃತ್ತಿಯಿಂದ ನಿಯೋವಿಮ್ ಸಿ-ಸ್ಕೋಪನ್ನು ಕಿತ್ತುಹಾಕಿದೆ. ಪ್ಲಗಿನ್ ಹಾಕಿಕೊಳ್ಳಿ. ಅದೂ ಬೇಡ ಅಂದರೆ ಪಕ್ಕದ ಟರ್ಮಿನಲ್‌ನಲ್ಲಿ ಸಿ-ಸ್ಕೋಪನ್ನು ಸಣ್ಣ 'ಡಿ' ಆಪ್ಶನ್ ಜೊತೆ ತೆರೆದಿಡಿ. ಇಂಡೆಕ್ಸನ್ನು ಮತ್ತೆ ಕಟ್ಟುತ್ತಾ ಕೂರಲ್ಲ, ತಕ್ಷಣ ತೆರೆದುಕೊಳ್ಳುತ್ತದೆ. ಕೋಡ್ ಬದಲಾದಾಗ ಮಾತ್ರ ಇಂಡೆಕ್ಸನ್ನು ನೀವೇ ಹೊಸದಾಗಿ ಮಾಡಿಕೊಳ್ಳಬೇಕು.