ಕೆನಡಾದ ಅಲ್ಬರ್ಟಾ ಪ್ರಾಂತ್ಯದ ಕ್ಲೇರ್ಸ್‌ಹೋಮ್‌ನಂಥ 3,800 ಜನರ ಊರಲ್ಲಿ ವೃದ್ಧರ ಆರೈಕೆಯ ಕೆಲಸ ಹಿಡಿದು ಪಕ್ಕದ ಸಿಟಿಯಲ್ಲಿ ಮನೆ ಮಾಡಬಹುದೇ? ಪಿಆರ್ (ಕೆನಡಾದಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) ಸಿಕ್ಕಮೇಲೆ ದೊಡ್ಡ ನಗರ ಕ್ಯಾಲ್ಗರಿಗೆ ಹೋಗುವ ಯೋಚನೆ ಇದೆ.

ಮಾಡಬೇಡಿ. ವೃದ್ಧರ ಆರೈಕೆಯ ಕೆಲಸ, ಊರಲ್ಲಿ ಕನ್ನಡದವರು ಒಬ್ಬರೂ ಇಲ್ಲ, ಪಕ್ಕದ ಸಿಟಿ ಲೆತ್‌ಬ್ರಿಜ್‌ನಲ್ಲಿದ್ದು ಓಡಾಡಿದರಾಯ್ತು ಅನ್ನುವ ಲೆಕ್ಕ. ಎಲ್ಲವೂ ನನ್ನದೇ ಕಥೆ.

ನಮ್ಮದು ತಿಪಟೂರಿನ ಕಡೆ. 3,800 ಅಂತ ಓದಿ ನಗು ಬಂದಿತ್ತು, ನಮ್ಮ ಜಾತ್ರೆಗೆ ಅದಕ್ಕಿಂತ ಹೆಚ್ಚು ಜನ ಸೇರುತ್ತಾರೆ. ಲೆತ್‌ಬ್ರಿಜ್‌ನಲ್ಲಿ ಇಂಡಿಯನ್ ಅಂಗಡಿ ಇದೆ, ಯೂನಿವರ್ಸಿಟಿ ಇದೆ, ಜೊತೆಗಿರಲು ಹುಡುಗರು ಸಿಕ್ಕರು. ಕೆಲಸದ ಜಾಗಕ್ಕೆ ಸುಮಾರು 90 ಕಿ.ಮೀ. ತಿಪಟೂರಿನಿಂದ ತುಮಕೂರಿಗೆ ದಿನಾ ರೈಲಲ್ಲಿ ನಿಂತು ಹೋಗಿ ಬಂದವರಿಗೆ ಒಂದು ಗಂಟೆಯ ಕಾರಿನ ದಾರಿ ಯಾವ ಲೆಕ್ಕ? ಅಕ್ಟೋಬರ್ ಮುಗಿಯುವವರೆಗೂ ನಾನೇ ಜಾಣ.

ಹಿಮ ಬೀಳುವುದು ಕಷ್ಟವಲ್ಲ ಅನ್ನುವುದನ್ನು ಯಾರೂ ಹೇಳಿರಲಿಲ್ಲ. ಬಿದ್ದ ಹಿಮ ಗಾಳಿಗೆ ಮತ್ತೆ ಮೇಲೇಳುವುದು ಕಷ್ಟ. ದಕ್ಷಿಣ ಅಲ್ಬರ್ಟಾದ ಬಯಲಲ್ಲಿ ಗಾಳಿಗೆ ಅಡ್ಡ ನಿಲ್ಲುವಂಥದ್ದು ಏನೂ ಇಲ್ಲ. ಮೇಲೆ ಆಕಾಶ ತಿಳಿಯಾಗಿರುತ್ತದೆ, ಕೆಳಗೆ ಹೊಲದ ಹಿಮವೆಲ್ಲ ರಸ್ತೆಯ ಮೇಲೆ ಹರಿದುಬಂದು ಕಾರಿನ ಬಾನೆಟ್ಟೇ ಕಾಣುವುದಿಲ್ಲ. ಚಿನೂಕ್ ಅನ್ನುವ ಬೆಚ್ಚನೆ ಗಾಳಿ ಬೀಸಿದರೆ ಅದೇ ಹಿಮ ಕರಗುತ್ತದೆ, ರಾತ್ರಿ ಗಾಜಾಗುತ್ತದೆ. ಕೆಲವು ದಿನ ಹೈವೇನೇ ಮುಚ್ಚುತ್ತಾರೆ. ಆಗೆಲ್ಲ ಫೋನ್ ಮಾಡಿ "ಬರಲಾಗುವುದಿಲ್ಲ" ಅಂದೆ. ಆಫೀಸಿನ ಕೆಲಸವಾಗಿದ್ದರೆ ನಡೆಯುತ್ತಿತ್ತೇನೋ. ಇಲ್ಲಿ ನಾನು ಬೆಳಿಗ್ಗೆ 7ಕ್ಕೆ ಹೋಗದಿದ್ದರೆ ರಾತ್ರಿ ಪಾಳಿಯವರು ಮನೆಗೆ ಹೋಗುವಂತಿಲ್ಲ. ಎದ್ದು ಕೂರಲಾಗದ ಅಜ್ಜಿಯರನ್ನು ಬಿಟ್ಟು ಹೋಗುವುದು ಹೇಗೆ? ನನ್ನ ಬದಲು ಎರಡೆರಡು ಪಾಳಿ ಮಾಡಿದವರು ಒಬ್ಬ ಫಿಲಿಪಿನೊ ಅಕ್ಕ. ಒಂದು ಮಾತೂ ಆಡಲಿಲ್ಲ. ವಸಂತದಲ್ಲಿ ಪರ್ಮನೆಂಟ್ ಜಾಗ ಖಾಲಿಯಾದಾಗ ಅದು ಮೂರು ಬೀದಿ ಆಚೆ ಮನೆಯಿದ್ದವರಿಗೆ ಹೋಯಿತು. ನನಗೆ ಕ್ಯಾಶುವಲ್ ಪಾಳಿಗಳೇ, ಅಂದರೆ ಕರೆದಾಗ ಮಾತ್ರ ಹೋಗುವ ಕೆಲಸವೇ ಉಳಿಯಿತು.

ಇಂಥ ಊರುಗಳಲ್ಲಿ ಕೆಲಸ ಹಿಡಿದವರಿಗೆ ಪಿಆರ್ ದಾರಿಯಾಗಿ ಆಗ ಇದ್ದ ಗ್ರಾಮೀಣ ವಲಸೆ ಯೋಜನೆಗೆ ಪೂರ್ಣಾವಧಿ, ಪರ್ಮನೆಂಟ್ ಕೆಲಸದ ಆಫರ್ ಬೇಕಿತ್ತು. ಅದಿಲ್ಲದೆ ಊರಿನ ಶಿಫಾರಸು ಪತ್ರಕ್ಕೆ ಅರ್ಜಿಯನ್ನೇ ಹಾಕುವಂತಿಲ್ಲ. ಉಳಿಸಿದ ಬಾಡಿಗೆ ಪೆಟ್ರೋಲಿಗೆ ಹೋಯಿತು, ಪಿಆರ್ ಫೈಲು ಒಂದು ವರ್ಷ ಹಿಂದೆ ಬಿತ್ತು, ವರ್ಕ್ ಪರ್ಮಿಟ್ಟಿನ ಗಡಿಯಾರ ಮಾತ್ರ ನಿಲ್ಲಲಿಲ್ಲ.

ಈಗ ಜನಸಂಖ್ಯೆಯ ಮಾತು. ನೀವು ಅದನ್ನು ತಪ್ಪು ಕಡೆಯಿಂದ ನೋಡುತ್ತಿದ್ದೀರಿ. ಹಿಂದೆ ಸರ್ಕಾರ ಈ ಬಯಲಲ್ಲಿ 10 ಡಾಲರ್ ಶುಲ್ಕಕ್ಕೆ 160 ಎಕರೆ ಕೊಟ್ಟು ಜನರನ್ನು ಕೂರಿಸಿತು. ಕುದುರೆ ಗಾಡಿಯಲ್ಲಿ ಧಾನ್ಯ ಹಾಕಿ ಸಂಜೆಗೆ ಮನೆ ಸೇರುವಷ್ಟು ದೂರಕ್ಕೊಂದು ರೈಲು ನಿಲ್ದಾಣ, ಅದರ ಸುತ್ತ ಊರು. ಲಾರಿ ಬಂತು, ಹೊಲ ದೊಡ್ಡದಾಯಿತು. ಈಗ ಅಲ್ಬರ್ಟಾದಲ್ಲಿ ಒಂದು ಹಿಡುವಳಿಯ ಸರಾಸರಿಯೇ ಸಾವಿರ ಎಕರೆ ದಾಟಿದೆ. ನಡುವಿನ ಊರುಗಳು ಬರಿದಾದವು. 1905ರಲ್ಲಿ ಪಟ್ಟಣವಾದ ಕ್ಲೇರ್ಸ್‌ಹೋಮ್ ಉಳಿದದ್ದು ಆಸ್ಪತ್ರೆ, ಮಾನಸಿಕ ಆರೋಗ್ಯ ಕೇಂದ್ರ, ಶಾಲೆ, ಹೈವೇ 2 ಇವುಗಳಿಂದ. ಸುತ್ತಲಿನ ರೈತರು ವಯಸ್ಸಾದಮೇಲೆ ಜಮೀನು ಮಕ್ಕಳಿಗೆ ಬಿಟ್ಟು ಇಲ್ಲಿಗೇ ಬರುತ್ತಾರೆ. ನಮಗೆ ಕೆಲಸ ಹುಟ್ಟಿದ್ದೂ ಅಲ್ಲಿಂದಲೇ. ಆದ್ದರಿಂದ ಎಷ್ಟು ಜನ ಅಂತ ಕೇಳಬೇಡಿ, ಆಸ್ಪತ್ರೆಯಿದೆಯಾ, ಮಕ್ಕಳಿಗೆ ಹನ್ನೆರಡನೇ ಕ್ಲಾಸಿನವರೆಗೆ ಶಾಲೆಯಿದೆಯಾ ಅಂತ ಕೇಳಿ.

ಊರೊಳಗೆ ಒಂದು ಬೇಸ್‌ಮೆಂಟ್ ಹಿಡಿದಮೇಲೆ ಎಲ್ಲ ಬದಲಾಯಿತು. ಅಂಗಡಿಯವಳು ಹೆಸರು ಹಿಡಿದು ಕರೆದಳು, ಎದುರು ಮನೆಯ ನಿವೃತ್ತ ರೈತ ಕೇಳದೆಯೇ ನನ್ನ ಬಾಗಿಲ ಹಿಮ ತೆಗೆದ. ಮುಂದಿನ ಬಾರಿ ಪರ್ಮನೆಂಟ್ ಜಾಗ ನನಗೇ ಬಂತು. ಎಲ್ಲ ಚೆನ್ನ ಅಂತ ಸುಳ್ಳು ಹೇಳುವುದಿಲ್ಲ. ಫೆಬ್ರವರಿಯಲ್ಲಿ ಒಂಟಿತನ ಕಚ್ಚುತ್ತದೆ, ನುಗ್ಗೆಕಾಯಿ, ಕರಿಬೇವಿಗೆ 125 ಕಿ.ಮೀ. ದೂರದ ಕ್ಯಾಲ್ಗರಿಯೇ ಗತಿ, ನಿಮ್ಮ ಕಾರು ಎಲ್ಲಿ ನಿಂತಿತ್ತು ಅನ್ನುವುದು ಎಲ್ಲರಿಗೂ ಗೊತ್ತಿರುತ್ತದೆ. ಅನ್ನ ಹಂಚಿಕೊಂಡು ಕಾಪಾಡಿದ್ದು ಅದೇ ಫಿಲಿಪಿನೊ ಅಕ್ಕನ ಮನೆ.

ಪಿಆರ್ ಬಂದ ಮರುದಿನ ಕ್ಯಾಲ್ಗರಿ ಅನ್ನುವುದಾದರೆ ಬರಲೇಬೇಡಿ. 2025ರಲ್ಲಿ ಶುರುವಾದ ಹೊಸ ಗ್ರಾಮೀಣ ವಲಸೆ ಯೋಜನೆಯಲ್ಲಿ ಆರಿಸಿದ 14 ಊರು-ಪ್ರದೇಶಗಳಲ್ಲಿ ಕ್ಲೇರ್ಸ್‌ಹೋಮ್ ಇದೆ ನಿಜ, ಆದರೆ ಅಲ್ಲೇ ನೆಲೆಸುವ ಉದ್ದೇಶ ಇರಬೇಕು ಅನ್ನುವುದೇ ಅದರ ಷರತ್ತು. ಒಬ್ಬೊಬ್ಬರು ಹಾಗೆ ಓಡಿಹೋದಾಗಲೂ ಮುಂದೆ ಬರುವ ನಮ್ಮವರನ್ನು ಅನುಮಾನದಿಂದ ನೋಡುತ್ತಾರೆ.

ಬರುವುದಾದರೆ ನವೆಂಬರಿನಲ್ಲಿ ಬೇಡ, ಮೇನಲ್ಲಿ ಬನ್ನಿ. ನಮ್ಮ ಲೈಸೆನ್ಸನ್ನು ಅಲ್ಬರ್ಟಾದಲ್ಲಿ ಹಾಗೇ ಬದಲಿಸಿಕೊಡುವುದಿಲ್ಲ, ರೋಡ್ ಟೆಸ್ಟ್ ಕೊಡಬೇಕು, ಹಿಮ ಬೀಳುವ ಮೊದಲು ಮುಗಿಸಿ. ಬಾಡಿಗೆ ಮನೆಗಳು ಕಡಿಮೆ, ಆನ್‌ಲೈನಿನಲ್ಲಿ ಸಿಗದಿದ್ದರೆ ಕೆಲಸ ಕೊಡುವವರನ್ನೇ ಕೇಳಿ. ಟಿಕೆಟ್ ಬುಕ್ ಮಾಡುವ ಮೊದಲೇ ಕೇಳಿ.